ಜಡ್ಜ್ ಮತ್ತು ಎದುರು ವಕೀಲರು ಒಂದೇ ಲಾ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದವರು: ಕೇಸು ಅಲ್ಲೇ ಇರಲಿ ಅನ್ನಬೇಕಾ?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ಕೋರ್ಟು ಕಚೇರಿ ಬಲ್ಲವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮಪ್ಪನ ಪಾಲಿನ ಕೇಸು 2016ರಿಂದ ನಡೆಯುತ್ತಿದೆ. 2 ಎಕರೆ 14 ಗುಂಟೆ ತೆಂಗಿನ ತೋಟ. ಎದುರು ಪಕ್ಷ ಅಂದರೆ ದೊಡ್ಡಪ್ಪನ ಮಕ್ಕಳು. ಇಷ್ಟರಲ್ಲಿ ನಾಲ್ಕು ಜನ ಜಡ್ಜ್‌ಗಳು ಬದಲಾದರು. ಈಗಿನವರು ಐದನೆಯವರು. ಕೇಸು ಅಪ್ಪನ ಪಾಟಿ ಸವಾಲಿಗೆ ಬಂದು ನಿಂತಿದೆ.

ಕಳೆದ ವಾರ ಚಿಕ್ಕಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಒಂದು ಲಾ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಸಮಾರಂಭ. ಸನ್ಮಾನ ನಮ್ಮ ಜಡ್ಜ್ ಸಾಹೇಬರಿಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಆ ಪೇಟವನ್ನು ಅವರ ತಲೆಗೆ ಇಡುತ್ತಿರುವವರು ನಮ್ಮ ಎದುರು ಪಕ್ಷದ ವಕೀಲರು. ಸಂಘದ ಕಾರ್ಯದರ್ಶಿ ಅವರೇ ಅಂತೆ.

ಅಪ್ಪ ನನ್ನ ಫೋನ್ ಇಸ್ಕೊಂಡು ಎರಡು ಬೆರಳಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದರು. ತುಂಬಾ ಹೊತ್ತು ನೋಡಿದರು. "ಇಬ್ಬರೂ ಮುಂಚಿನಿಂದ ಗುರುತಾ?" ಅಂತ ಕೇಳಿದರು. ಫೋನ್ ವಾಪಸ್ ಕೊಟ್ಟು ಊಟ ಬಿಟ್ಟು ಎದ್ದರು. ಅವತ್ತಿನಿಂದ "ಇನ್ನೇನು, ಆಯ್ತಲ್ಲ" ಅನ್ನುವುದೊಂದೇ ಮಾತು.

ಜಡ್ಜ್ ಸಾಹೇಬರು ಇಲ್ಲಿಯವರೆಗೆ ನಮಗೆ ಯಾವ ಅನ್ಯಾಯವನ್ನೂ ಮಾಡಿಲ್ಲ. ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆದರೆ ಅಪ್ಪನಿಗೆ ಏನಂತ ಧೈರ್ಯ ಹೇಳಲಿ? ನಮ್ಮ ವಕೀಲರನ್ನು ಕೇಳಿದರೆ "ಸುಮ್ನಿರಮ್ಮ, ಅದೆಲ್ಲ ಇದ್ದದ್ದೇ" ಅಂತಾರೆ. ಇದ್ದದ್ದೇ ಆದರೆ ಸರಿನಾ?

ಕರಿಕೋಟು

ನಾನು ಹುಬ್ಬಳ್ಳಿ-ಧಾರವಾಡದಲ್ಲಿ 17 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ನಿಮ್ಮ ಅಪ್ಪನ ಸಂಕಟ ಅರ್ಥ ಆಗುತ್ತದೆ. ಆದರೆ ಒಂದೇ ಕಾಲೇಜು ಅನ್ನುವುದನ್ನೇ ದೋಷ ಅಂದುಕೊಂಡರೆ ಈ ರಾಜ್ಯದಲ್ಲಿ ಯಾವ ಕೋರ್ಟೂ ನಡೆಯುವುದಿಲ್ಲ.

ಹಿಂದಿನದು ಸ್ವಲ್ಪ ನೋಡಿ. ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜು ಶುರುವಾದದ್ದು 1939ರಲ್ಲಿ. ಬೆಂಗಳೂರಿನ ಸರ್ಕಾರಿ ಲಾ ಕಾಲೇಜು 1948ರಲ್ಲಿ. ಈಗ ಅದನ್ನೇ ಯೂನಿವರ್ಸಿಟಿ ಲಾ ಕಾಲೇಜು ಅಂತೀವಿ. ಅದಕ್ಕೂ ಮೊದಲು ಕಾನೂನು ಓದಬೇಕು ಅಂದರೆ ಮದ್ರಾಸು, ಮುಂಬಯಿ, ಪುಣೆ ದಾರಿ ಹಿಡಿಯಬೇಕಿತ್ತು. ಹಾಗಾಗಿ ಒಂದು ಇಡೀ ತಲೆಮಾರಿನ ವಕೀಲರು, ಜಡ್ಜ್‌ಗಳು ಎರಡು ಮೂರು ಕಾಲೇಜುಗಳ ಬೆಂಚಿನಿಂದಲೇ ಎದ್ದು ಬಂದವರು. 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರು ಬೆಳಗಾವಿಯ ಆ ಕಾಲೇಜಿನಲ್ಲಿ ಓದಿದವರು. ಸುಪ್ರೀಂ ಕೋರ್ಟಿನಲ್ಲಿದ್ದ ಎಸ್. ಅಬ್ದುಲ್ ನಜೀರ್ ಅವರು ಮಂಗಳೂರಿನ ಎಸ್‌ಡಿಎಂ ಲಾ ಕಾಲೇಜಿನವರು. ಅವರ ಮುಂದೆ ಅದೇ ಕಾಲೇಜಿನ ವಕೀಲರು ನಿಲ್ಲಬಾರದು ಅಂದರೆ ಹೇಗೆ?

ಧಾರವಾಡದಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂತು. 2013ರಲ್ಲಿ ಕಾಯಂ ಆಯಿತು. ಇಲ್ಲಿ ವಾದ ಮಾಡುವವರಲ್ಲಿ ಎಷ್ಟೋ ಜನ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಾಲೇಜುಗಳಲ್ಲೇ ಓದಿದವರು. ನಮ್ಮಲ್ಲಿ ಯಾರು ಯಾರಿಗೆ ಸೀನಿಯರ್, ಯಾರು ಯಾರ ರೂಂಮೇಟ್ ಅನ್ನುವುದು ಗುಟ್ಟೇನಲ್ಲ.

ಇನ್ನು ಫೋಟೋ ವಿಷಯ. ಅದು ಒಂದು ಕೈ ಜಾಸ್ತಿಯೇ ಆಯಿತು. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಕೋರ್ಟಿಗೆ ಹೊರಟೆ.

ಕೆಂಪುಮಣ್ಣು

ಕರಿಕೋಟು ಅವರೇ, ಇದು ವಕೀಲರ ಕಡೆಯ ಮಾತಾಯಿತು. ಕಕ್ಷಿದಾರನ ಕಡೆಯಿಂದ ನೋಡಿ. ಅವನು ಕೋರ್ಟ್ ಹಾಲಿನ ಕೊನೆಯ ಬೆಂಚಿನಲ್ಲಿ ಕೂತಿರುತ್ತಾನೆ. ಮುಂದೆ ನಡೆಯುವುದೆಲ್ಲ ಇಂಗ್ಲಿಷಿನಲ್ಲಿ. ಅವನಿಗೆ ಕಾಣುವುದು ಮುಖ ಮಾತ್ರ. ಜಡ್ಜ್ ಯಾರನ್ನು ನೋಡಿ ನಕ್ಕರು, ಯಾರಿಗೆ ವಾಯಿದೆ ಕೊಟ್ಟರು, ಯಾರ ಹೆಸರು ಹಿಡಿದು ಮಾತಾಡಿಸಿದರು. ಅಷ್ಟೇ ಅವನ ಸಾಕ್ಷಿ.

ಲಾ ಕಮಿಷನ್ 2009ರಲ್ಲಿ ತನ್ನ 230ನೇ ವರದಿಯಲ್ಲಿ "ಅಂಕಲ್ ಜಡ್ಜ್" ಅನ್ನುವ ಮಾತನ್ನು ಬಳಸಿತು. ನೆಂಟರು ವಕೀಲರಾಗಿರುವ ಹೈಕೋರ್ಟಿಗೇ ಜಡ್ಜ್ ಆಗಿ ಹಾಕಬೇಡಿ ಅಂತ ಅದರ ಸಲಹೆ. ನೆಂಟಸ್ತಿಕೆಯನ್ನಾದರೂ ಹುಡುಕಿ ಹೇಳಬಹುದು. ಗೆಳೆತನಕ್ಕೆ ವಂಶವೃಕ್ಷ ಎಲ್ಲಿದೆ? ಹಳೆ ವಿದ್ಯಾರ್ಥಿ ಸಂಘ ಅನ್ನುವುದು ಗೆಳೆತನಕ್ಕೆ ರಶೀದಿ ಪುಸ್ತಕ ಇಟ್ಟ ಹಾಗೆ. ಅದಕ್ಕೇ ನನಗೆ ಅದು ಹೆಚ್ಚು ಚಿಂತೆಯ ವಿಷಯ.

ಥೇಮ್ಸ್ ಕನ್ನಡಿಗ

ನಾನು ಲಂಡನ್ನಿನಲ್ಲಿ ಇದ್ದೇನೆ. ಈ ಪ್ರಶ್ನೆಯನ್ನು ಇಲ್ಲಿ ತುಂಬಾ ಹಿಂದಿನಿಂದ ಅರೆದಿದ್ದಾರೆ.

ಇಲ್ಲಿ ಬ್ಯಾರಿಸ್ಟರ್, ಅಂದರೆ ಕೋರ್ಟಿನಲ್ಲಿ ವಾದ ಮಾಡುವ ವಕೀಲ, ಆಗಬೇಕಾದರೆ "ಇನ್" ಅನ್ನುವ ನಾಲ್ಕು ಹಳೆಯ ವಕೀಲರ ಸಂಘಗಳಲ್ಲಿ ಒಂದಕ್ಕೆ ಸದಸ್ಯರಾಗಲೇಬೇಕು. ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್. ಗಾಂಧೀಜಿ ಇನ್ನರ್ ಟೆಂಪಲ್‌ನವರು, ಅಂಬೇಡ್ಕರ್ ಗ್ರೇಸ್ ಇನ್‌ನವರು. ಆಗೆಲ್ಲ ಇಷ್ಟು ಸಲ ಅಲ್ಲಿನ ಹಾಲಿನಲ್ಲಿ ಊಟಕ್ಕೆ ಕೂರಲೇಬೇಕು ಅನ್ನುವ ನಿಯಮ ಇತ್ತು. ಜಡ್ಜ್ ಆದಮೇಲೂ ಸದಸ್ಯತ್ವ ಹೋಗುವುದಿಲ್ಲ. ಹಿರಿಯ ಜಡ್ಜ್‌ಗಳು "ಬೆಂಚರ್" ಅಂತ ಅದೇ ಹಾಲಿನ ಎತ್ತರದ ಮೇಜಿನಲ್ಲಿ ಕೂರುತ್ತಾರೆ. ಕೆಳಗಿನ ಉದ್ದ ಮೇಜುಗಳಲ್ಲಿ ನಾಳೆ ಅವರ ಮುಂದೆ ವಾದ ಮಾಡುವವರು ಊಟ ಮಾಡುತ್ತಿರುತ್ತಾರೆ.

1999ರಲ್ಲಿ ಲೋಕಾಬೇಲ್ ಅನ್ನುವ ಪ್ರಕರಣದಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಇದನ್ನು ನೇರವಾಗಿ ಹೇಳಿತು. ಜಡ್ಜ್ ಎಲ್ಲಿ ಓದಿದರು, ಯಾವ ಕ್ಲಬ್ಬಿನಲ್ಲಿದ್ದಾರೆ, ವಕೀಲರು ಮತ್ತು ಅವರು ಒಂದೇ ಇನ್‌ನವರಾ ಅನ್ನುವುದರ ಮೇಲೆ ಸಾಮಾನ್ಯವಾಗಿ ಆಕ್ಷೇಪಣೆ ನಿಲ್ಲುವುದಿಲ್ಲ. ಆದರೆ ಜಡ್ಜ್‌ಗೂ ಕೇಸಿನಲ್ಲಿರುವ ಯಾರಿಗಾದರೂ ಹತ್ತಿರದ ಸ್ನೇಹ ಅಥವಾ ಹಗೆ ಇದ್ದರೆ ಮಾತು ಬೇರೆ.

ಅದಕ್ಕೆ ಒಂದು ವರ್ಷ ಮುಂಚೆ ಇಲ್ಲಿ ದೊಡ್ಡ ಗದ್ದಲವೇ ಆಗಿತ್ತು. ಚಿಲಿ ದೇಶದ ಸರ್ವಾಧಿಕಾರಿಯಾಗಿದ್ದ ಪಿನೋಶೆ ಕೇಸು. 1998ರ ನವೆಂಬರ್ 25ರಂದು, ಆಗ ಇಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 3-2 ಬಹುಮತದಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಆ ಕೇಸಿನಲ್ಲಿ ಆಮ್ನೆಸ್ಟಿ ಅನ್ನುವ ಮಾನವ ಹಕ್ಕುಗಳ ಸಂಸ್ಥೆಯೂ ವಾದ ಮಾಡಿತ್ತು. ಮೂವರಲ್ಲಿ ಒಬ್ಬರಾದ ಲಾರ್ಡ್ ಹಾಫ್‌ಮನ್ ಆಮ್ನೆಸ್ಟಿಯದೇ ಒಂದು ದತ್ತಿ ಕಂಪನಿಯ ಅಧ್ಯಕ್ಷರಾಗಿದ್ದರು. ಸಂಬಳ ಇರಲಿಲ್ಲ. ಅವರು ನಿಜವಾಗಿ ಪಕ್ಷಪಾತ ಮಾಡಿದರು ಅಂತ ಕೋರ್ಟು ಹೇಳಲಿಲ್ಲ. ಆದರೆ ಅವರು ಅದನ್ನು ಮೊದಲೇ ತಿಳಿಸಿರಲಿಲ್ಲ. ಡಿಸೆಂಬರ್ 17ರಂದು ಆ ತೀರ್ಪನ್ನೇ ತೆಗೆದುಹಾಕಿ, ಬೇರೆ ಜಡ್ಜ್‌ಗಳು ಮೊದಲಿನಿಂದ ಕೇಳಿದರು.

ಇನ್ನೊಂದು, 2008ರ ಹೆಲೋ ಪ್ರಕರಣ. ಆಶ್ರಯ ಕೇಳಿದ್ದ ಒಬ್ಬ ಪ್ಯಾಲೆಸ್ಟೀನಿ ಮಹಿಳೆ. ಕೇಸು ಕೇಳಿದ ಸ್ಕಾಟ್ಲೆಂಡಿನ ಜಡ್ಜ್ ಯಹೂದಿ ಕಾನೂನು ಪಂಡಿತರ ಅಂತಾರಾಷ್ಟ್ರೀಯ ಸಂಘದ ಸದಸ್ಯೆ. ಸಂಘದ ಪತ್ರಿಕೆಯಲ್ಲಿ ಪ್ಯಾಲೆಸ್ಟೀನ್ ವಿರುದ್ಧ ಕಟುವಾದ ಬರಹಗಳು ಬಂದಿದ್ದವು. ಬರೀ ಸದಸ್ಯತ್ವ ಇದ್ದ ಮಾತ್ರಕ್ಕೆ ಆ ಬರಹವೆಲ್ಲ ಜಡ್ಜ್ ಮನಸ್ಸಿನ ಮಾತು ಅನ್ನಲಾಗದು ಅಂತ ತೀರ್ಪಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಜಡ್ಜ್ ಸಂಘದ ಕೆಲಸದಲ್ಲೇ ಕೈ ಹಾಕಿದ್ದರು. ಇನ್ನೊಂದರಲ್ಲಿ ಹೆಸರು ಮಾತ್ರ ಪಟ್ಟಿಯಲ್ಲಿತ್ತು. ನಿಮ್ಮ ಜಡ್ಜ್ ಬರೀ ಸದಸ್ಯರಾ, ಪದಾಧಿಕಾರಿನಾ? ಮೊದಲು ಅದನ್ನು ತಿಳಿದುಕೊಳ್ಳಿ.

ತೆಂಗಿನತೋಟ

ಬರೀ ಸದಸ್ಯರು ಅನಿಸುತ್ತದೆ. ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಎದುರು ವಕೀಲರ ಹೆಸರಿದೆ.

ನಿವೃತ್ತ ಬೆಂಚ್ ಕ್ಲರ್ಕ್

ತಂಗೀ, ನಾನು 31 ವರ್ಷ ಜಡ್ಜ್ ಸಾಹೇಬರ ಕೆಳಗಿನ ಮೇಜಿನಲ್ಲಿ ಕೂತು ಕೇಸು ಕೂಗಿಸಿದವನು. ಕಾನೂನಿನ ಪಾಠ ನನಗೆ ಬರುವುದಿಲ್ಲ. ಕಂಡದ್ದು ಹೇಳುತ್ತೇನೆ.

ಒಬ್ಬ ಸಾಹೇಬರು ಇದ್ದರು. ಬೆಳಿಗ್ಗೆ ವಾಕಿಂಗ್ ಹೋಗುವಾಗ ಎದುರಿಗೆ ವಕೀಲರು ಬಂದರೆ ಕೈ ಮುಗಿದು ರಸ್ತೆಯ ಆ ಕಡೆಗೆ ದಾಟುತ್ತಿದ್ದರು. ಮದುವೆಗೆ ಹೋದರೆ ಅಕ್ಷತೆ ಹಾಕಿ ಊಟ ಮಾಡದೆ ಬರುತ್ತಿದ್ದರು. ಒಂದು ದಿನ ಅವರ ಕ್ಲಾಸ್‌ಮೇಟ್ ಒಬ್ಬರು ಬೇರೆ ಊರಿನಿಂದ ಬಂದು ವಕಾಲತ್ತು ಹಾಕಿದರು. ನಾನು ಫೈಲ್ ಮೇಲಿಟ್ಟೆ. ಸಾಹೇಬರು ಹೆಸರು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. "ಇದನ್ನು ಪ್ರಿನ್ಸಿಪಲ್ ಜಡ್ಜ್‌ಗೆ ಬರೆದು ಕಳಿಸೋಣ" ಅಂದರು. ಹೈಕೋರ್ಟಿನಲ್ಲಾದರೆ ಇದಕ್ಕೆ "ನಾಟ್ ಬಿಫೋರ್ ಮಿ" ಅಂತಾರೆ, ಅಂದರೆ ಈ ಕೇಸು ನನ್ನ ಮುಂದೆ ಬೇಡ, ಬೇರೆ ಜಡ್ಜ್ ಕೇಳಲಿ ಅಂತ. ಆ ಎದುರು ಪಕ್ಷದ ಮುದುಕ ಕೈ ಮುಗಿದು ನಿಂತಿದ್ದ. ಅವನಿಗೆ ಏನಾಯಿತು ಅಂತ ಕೂಡ ತಿಳಿಯಲಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಒಂದು ಜಡ್ಜ್ ಮುಂದೆ ಕೇಸು ಸೋಲುತ್ತದೆ ಅಂತ ಗೊತ್ತಾದ ಕೂಡಲೇ ಕೆಲವು ಕಕ್ಷಿದಾರರು ಆ ಜಡ್ಜ್‌ನ ಗೆಳೆಯರನ್ನೇ ಹುಡುಕಿ ವಕೀಲರಾಗಿ ಹಾಕುತ್ತಾರೆ. ಗೆದ್ದುಕೊಳ್ಳುವುದಕ್ಕಲ್ಲ. ಜಡ್ಜ್ ತಾವಾಗಿ ಕೇಸು ಬಿಡಲಿ ಅಂತ. ಕೇಸು ಇನ್ನೊಂದು ಕೋರ್ಟಿಗೆ ಹೋಗುತ್ತದೆ, ಮತ್ತೆ ಎರಡು ವರ್ಷ ಎಳೆಯುತ್ತದೆ. ಹಾಗಾಗಿ ಗುರುತು ಇದ್ದ ಕೂಡಲೇ ಜಡ್ಜ್ ಎದ್ದು ಹೋಗಲಿ ಅನ್ನುವುದೂ ಸರಿಯಲ್ಲ. ಅದರಿಂದ ಸಾಯುವವರು ಬಡ ಕಕ್ಷಿದಾರರೇ.

ಮೂರನೇ ವರ್ಷ ಎಲ್‌ಎಲ್‌ಬಿ

ನಾನೂ ಒಂದು ಮಾತು ಹೇಳಲಾ? ನಮ್ಮ ಮನೆಯಲ್ಲಿ ಕಾನೂನು ಓದುತ್ತಿರುವವಳು ನಾನೇ ಮೊದಲು. ಅಪ್ಪ ಹಮಾಲಿ ಕೆಲಸ ಮಾಡುತ್ತಾರೆ. ಮೊದಲ ವರ್ಷ ಪುಸ್ತಕಕ್ಕೆ ದುಡ್ಡಿರಲಿಲ್ಲ. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದವರೇ ಕೊಡಿಸಿದರು. ಒಬ್ಬರು ನಿವೃತ್ತ ಜಡ್ಜ್ ಪ್ರತಿ ಶನಿವಾರ ಬಂದು ಸಾಕ್ಷ್ಯ ಕಾಯ್ದೆ ಹೇಳಿಕೊಡುತ್ತಿದ್ದರು. ಕರಿಕೋಟು ಹಾಕಿದವರ ಮನೆಯಲ್ಲಿ ಹುಟ್ಟಿದವರಿಗೆ ಇದೆಲ್ಲ ಮನೆಯಲ್ಲೇ ಸಿಗುತ್ತದೆ. ನನ್ನಂಥವರಿಗೆ ಸಂಘವೇ ಆ ಮನೆ. ದಯವಿಟ್ಟು ಜಡ್ಜ್‌ಗಳನ್ನು ಕಾಲೇಜಿನಿಂದ ದೂರ ಇಡಿ ಅಂತ ಹೇಳಬೇಡಿ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲನ್ನೇ ನೋಡಿ. ಅದರ ಕುಲಾಧಿಪತಿ ಭಾರತದ ಮುಖ್ಯ ನ್ಯಾಯಮೂರ್ತಿಗಳು. ಆದರೂ 2020ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ ತಾನೇ ನಡೆಸಿದ್ದ ಪ್ರವೇಶ ಪರೀಕ್ಷೆಯನ್ನು ಸುಪ್ರೀಂ ಕೋರ್ಟೇ ರದ್ದು ಮಾಡಿತು. ಅದೇ ತಿಂಗಳು ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25 ಶೇಕಡಾ ಮೀಸಲಾತಿ ಕೊಡುವ ರಾಜ್ಯದ ಕಾಯ್ದೆಯನ್ನು ನಮ್ಮ ಹೈಕೋರ್ಟು ತೆಗೆದುಹಾಕಿತು. ಆ ಎರಡನೇ ತೀರ್ಪು ಓದಿ ನನಗೆ ಬೇಜಾರಾಯಿತು, ಅದು ಬೇರೆ ವಿಷಯ. ನಂಟು ಇದ್ದರೂ ಕೋರ್ಟುಗಳು ತಮ್ಮ ಕೆಲಸ ಮಾಡುತ್ತವೆ ಅಂತ ಹೇಳುವುದಕ್ಕೆ ಇದನ್ನು ಬರೆದೆ.

ನಮ್ಮ ಊರಿನ ಹೆಸರಿನದೇ ಒಂದು ನಿಯಮಾವಳಿ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ. ಜಡ್ಜ್‌ಗಳ ನಡತೆಗೆ "ಬೆಂಗಳೂರು ತತ್ವಗಳು" ಅಂತಾರೆ. ಬೇರೆ ಬೇರೆ ದೇಶಗಳ ಜಡ್ಜ್‌ಗಳು 2001ರಲ್ಲಿ ಬೆಂಗಳೂರಿನಲ್ಲಿ ಸೇರಿ ಕರಡು ಮಾಡಿದರು. 2002ರಲ್ಲಿ ಹೇಗ್ ನಗರದಲ್ಲಿ ತಿದ್ದಿ ಪೂರ್ತಿ ಮಾಡಿದರು. ಜಡ್ಜ್ ಪಾಠ ಮಾಡಬಹುದು, ಉಪನ್ಯಾಸ ಕೊಡಬಹುದು ಅಂತ ಅದರಲ್ಲಿದೆ. ತಮ್ಮ ಕೋರ್ಟಿನಲ್ಲಿ ದಿನಾ ವಾದ ಮಾಡುವ ವಕೀಲರ ಜೊತೆ ಪಕ್ಷಪಾತದ ಅನುಮಾನ ಬರುವ ಹಾಗೆ ಇರಬಾರದು ಅಂತಲೂ ಇದೆ.

ಕೆಂಪುಮಣ್ಣು

ತಂಗಿ, ಪುಸ್ತಕ ಕೊಡಿಸಿದ ಸಂಘಕ್ಕೆ ನಾನೂ ಕೈ ಮುಗಿಯುತ್ತೇನೆ. ನನ್ನ ತಕರಾರು ಪೇಟದ್ದು. ಪಾಠ ಹೇಳುವ ಜಡ್ಜ್‌ಗೆ ಪೇಟ ಯಾಕೆ? ಅದೂ ತಮ್ಮ ಮುಂದೆ ಕೇಸು ಇರುವ ವಕೀಲರ ಕೈಯಿಂದ?

ಕರಿಕೋಟು

ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದೆ. ಕೆಂಪುಮಣ್ಣು ಕೇಳಿದ್ದೇ ಅಸಲಿ ಪ್ರಶ್ನೆ.

1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ಜಡ್ಜ್‌ಗಳು ಸೇರಿ 16 ಅಂಶಗಳ ಒಂದು ನಡತೆಯ ಪಟ್ಟಿ ಒಪ್ಪಿಕೊಂಡರು. ಎರಡನೇ ಅಂಶ ಹೀಗಿದೆ: ಜಡ್ಜ್ ಯಾವ ಕ್ಲಬ್, ಸಂಘದ ಚುನಾವಣೆಗೂ ನಿಲ್ಲಬಾರದು. ಚುನಾಯಿತ ಹುದ್ದೆಯಲ್ಲೂ ಇರಬಾರದು, ಕಾನೂನಿಗೆ ಸಂಬಂಧಪಟ್ಟ ಸಂಘವಾದರೆ ಮಾತ್ರ ಇರಬಹುದು. ಅದರ ಕೆಳಗೇ ಮೂರನೇ ಅಂಶ: ವಕೀಲರ ಜೊತೆ, ಅದರಲ್ಲೂ ತಮ್ಮ ಕೋರ್ಟಿನಲ್ಲೇ ವಾದ ಮಾಡುವವರ ಜೊತೆ, ಹತ್ತಿರದ ಒಡನಾಟ ಬೇಡ. ಲಾ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘ ಈ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡಿದೆ. ಮೊದಲನೆಯದು ಬಾಗಿಲು ತೆಗೆಯುತ್ತದೆ, ಎರಡನೆಯದು ಅರ್ಧ ಮುಚ್ಚುತ್ತದೆ. ಈ ಪಟ್ಟಿ ಮಾಡಿದ್ದು ಸುಪ್ರೀಂ ಕೋರ್ಟ್, ಹೈಕೋರ್ಟ್ ಜಡ್ಜ್‌ಗಳಿಗೆ. ತಾಲ್ಲೂಕು, ಜಿಲ್ಲಾ ಕೋರ್ಟಿನ ಜಡ್ಜ್‌ಗಳ ಮೇಲೆ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹಿಡಿತ ಇರುತ್ತದೆ.

ಈಗ ತೆಂಗಿನತೋಟ ಅವರ ಅಪ್ಪನ ಮಾತಿಗೆ ಬರುತ್ತೇನೆ. 1987ರ ರಂಜಿತ್ ಠಾಕೂರ್ ಪ್ರಕರಣ. ಸೈನ್ಯದಲ್ಲಿದ್ದ ಒಬ್ಬ ಸಾಮಾನ್ಯ ಜವಾನ. ತನ್ನ ಮೇಲಧಿಕಾರಿ ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ ಅಂತ ದೂರು ಬರೆದಿದ್ದ. ಆಮೇಲೆ ಊಟ ಮಾಡು ಅಂತ ಆದೇಶ ಕೊಟ್ಟರೂ ಮಾಡಲಿಲ್ಲ ಅಂತ ಅವನ ಮೇಲೆ ಕೋರ್ಟ್ ಮಾರ್ಷಲ್. ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ವಿಚಾರಣೆಗೆ ಕೂತಿದ್ದರು. ಒಂದು ವರ್ಷ ಜೈಲು, ಕೆಲಸದಿಂದ ವಜಾ. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನಮ್ಮ ಎಂ.ಎನ್. ವೆಂಕಟಾಚಲಯ್ಯನವರು. ಅದರ ತಿರುಳು ಇದು: ಜಡ್ಜ್ ತನ್ನ ಮನಸ್ಸನ್ನು ಎಷ್ಟೇ ಪ್ರಾಮಾಣಿಕವಾಗಿ ಮುಟ್ಟಿ ನೋಡಿಕೊಂಡು "ನನಗೆ ಪಕ್ಷಪಾತ ಇದೆಯಾ?" ಅಂತ ಕೇಳಿಕೊಂಡರೆ ಸಾಲದು. ಎದುರಿಗೆ ನಿಂತಿರುವ ಕಕ್ಷಿದಾರನ ಮನಸ್ಸಿಗೆ ಏನನಿಸುತ್ತದೆ ಅಂತ ನೋಡಬೇಕು.

ಅಂದರೆ ಫೋಟೋ ದೊಡ್ಡದು ಮಾಡಿ ನೋಡಿದ ನಿಮ್ಮ ಅಪ್ಪನ ಮನಸ್ಸಿಗೂ ಕಾನೂನಿನಲ್ಲಿ ಬೆಲೆ ಇದೆ. ಆ ಭಯಕ್ಕೆ ಬುದ್ಧಿಗೆ ಒಪ್ಪುವ ಆಧಾರ ಇರಬೇಕು, ಅಷ್ಟೇ.

ಏನು ಮಾಡಬೇಕು ಅಂತ ಕೇಳಿದಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಸೆಕ್ಷನ್ ಪ್ರಕಾರ ಜಿಲ್ಲಾ ಕೋರ್ಟಿಗೋ ಹೈಕೋರ್ಟಿಗೋ ವರ್ಗಾವಣೆ ಅರ್ಜಿ ಹಾಕಬಹುದು. ಒಂದು ಫೋಟೋ ಹಿಡಿದುಕೊಂಡು ಹೋದರೆ ಅದು ನಿಲ್ಲುವುದು ಕಷ್ಟ. ಕೇಸೂ ಇನ್ನಷ್ಟು ಹಿಂದೆ ಬೀಳುತ್ತದೆ. ಅದಕ್ಕೆ ಮೊದಲು ನಿಮ್ಮ ವಕೀಲರು ತೆರೆದ ಕೋರ್ಟಿನಲ್ಲಿ, ಎದುರು ವಕೀಲರ ಮುಂದೆಯೇ, ಮರ್ಯಾದೆಯಿಂದ ಒಂದು ಮಾತು ಹೇಳಲಿ. ಛೇಂಬರಿಗೆ ಹೋಗಿ ಹೇಳುವುದು ಬೇಡ. "ಹೀಗೊಂದು ಸಮಾರಂಭ ಆಗಿದೆ, ನಮ್ಮ ಕಕ್ಷಿದಾರರ ಮನಸ್ಸಿನಲ್ಲಿ ಅಳುಕು ಇದೆ, ದಾಖಲೆಗೆ ಬರಲಿ" ಅಂತ. ಆರೋಪದ ಧಾಟಿ ಮಾತ್ರ ಬೇಡವೇ ಬೇಡ.

ಥೇಮ್ಸ್ ಕನ್ನಡಿಗ

ಪೂರ್ತಿ ಒಪ್ಪುತ್ತೇನೆ. ಹಾಫ್‌ಮನ್ ಮೊದಲ ದಿನವೇ ಎದ್ದು ಒಂದು ವಾಕ್ಯ ಹೇಳಿದ್ದರೆ ಅಷ್ಟು ದೊಡ್ಡ ತೀರ್ಪು ಬಿದ್ದುಹೋಗುತ್ತಿರಲಿಲ್ಲ.

ನಿವೃತ್ತ ಬೆಂಚ್ ಕ್ಲರ್ಕ್

ವಾಯಿದೆ ದಿನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸು ತಂಗಿ. ಸಾಹೇಬರ ಮುಖ ಅವರಿಗೆ ಕಾಣಲಿ, ಅವರ ಮುಖ ಸಾಹೇಬರಿಗೂ ಕಾಣಲಿ.

ತೆಂಗಿನತೋಟ

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ನಿನ್ನೆ ವಾಯಿದೆ ಇತ್ತು.

ನಮ್ಮ ವಕೀಲರನ್ನು ಒಪ್ಪಿಸುವುದೇ ದೊಡ್ಡ ಕೆಲಸ ಆಯಿತು. "ನಾಳೆ ನಾನು ಇದೇ ಕೋರ್ಟಿನಲ್ಲಿ ಬೇರೆ ಕೇಸು ನಡೆಸಬೇಕಮ್ಮ" ಅಂದರು. ಅವರ ಕಷ್ಟವೂ ನಿಜ. ಕೊನೆಗೆ ಎರಡೇ ವಾಕ್ಯ ಹೇಳುತ್ತೇನೆ ಅಂತ ಒಪ್ಪಿದರು. ಹಾಗೆಯೇ ಹೇಳಿದರು. ಹೇಳುವಾಗ ಅವರ ಧ್ವನಿ ಸ್ವಲ್ಪ ನಡುಗಿತು.

ಕೋರ್ಟ್ ಹಾಲ್ ಒಂದು ಕ್ಷಣ ಸ್ತಬ್ಧವಾಯಿತು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಬೇಜಾರಾದದ್ದು ಕಂಡಿತು. ಆಮೇಲೆ ಕನ್ನಡದಲ್ಲೇ, ನೇರ ಅಪ್ಪನನ್ನು ನೋಡಿ ಮಾತಾಡಿದರು. "ಹೌದು, ನಾವಿಬ್ಬರೂ ಒಂದೇ ಕಾಲೇಜು. ಅವರು ನನಗಿಂತ ಆರು ವರ್ಷ ಚಿಕ್ಕವರು. ಜೊತೆಗೆ ಓದಿದವರಲ್ಲ. ಆ ಸಮಾರಂಭಕ್ಕೆ ಹೋಗಿದ್ದೆ. ಈ ಕೇಸು ನನ್ನ ಮುಂದೆ ಇರುವಾಗ ಹೋಗಬಾರದಿತ್ತೇನೋ. ನಿಮಗೆ ಬೇಡ ಅನಿಸಿದರೆ ಹೇಳಿ, ನಾನೇ ಪ್ರಿನ್ಸಿಪಲ್ ಜಡ್ಜ್‌ಗೆ ಬರೆಯುತ್ತೇನೆ." ಅದನ್ನು ಆರ್ಡರ್ ಶೀಟಿನಲ್ಲೂ ಬರೆಸಿದರು.

ಅಪ್ಪ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೇಳಿದ್ರಲ್ಲ ಸ್ವಾಮಿ. ನಡೀಲಿ" ಅಂದರು.

ಪಾಟಿ ಸವಾಲು ಶುರುವಾಯಿತು. ಎದುರು ವಕೀಲರು ಏನೂ ರಿಯಾಯಿತಿ ತೋರಲಿಲ್ಲ, ಮುಕ್ಕಾಲು ಗಂಟೆ ಅಪ್ಪನನ್ನು ಅರೆದರು. ಎರಡು ಪ್ರಶ್ನೆ ಬೇಡ ಅಂತ ಜಡ್ಜ್ ತಡೆದರು. ನಮ್ಮ ವಕೀಲರ ಒಂದು ಆಕ್ಷೇಪಣೆಯನ್ನೂ ತಳ್ಳಿಹಾಕಿದರು. ಸಂಜೆ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದರು. ಫೋಟೋ ಬಂದಮೇಲೆ ಅವರು ಹೀಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಕೇಸು ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಂಪುಮಣ್ಣು

"ಹೋಗಬಾರದಿತ್ತೇನೋ" ಅಂತ ತೆರೆದ ಕೋರ್ಟಿನಲ್ಲಿ ಹೇಳಿದ ಜಡ್ಜ್‌ಗೆ ನನ್ನದೊಂದು ನಮಸ್ಕಾರ. ಆದರೂ ನಿಮ್ಮ ಅಪ್ಪ ಅಷ್ಟು ದಿನ ನಿದ್ದೆಗೆಟ್ಟದ್ದನ್ನು ನಾನು ಮರೆಯುವುದಿಲ್ಲ. ಸಂಘದವರು ಇನ್ನು ಮುಂದೆ ಆ ಜಿಲ್ಲೆಯಲ್ಲಿ ಕೆಲಸದಲ್ಲಿರುವ ಜಡ್ಜ್‌ಗಳನ್ನು ಪಾಠಕ್ಕೆ ಕರೆಯಲಿ, ಸನ್ಮಾನವನ್ನು ಅವರು ನಿವೃತ್ತರಾದಮೇಲೆ ಮಾಡಲಿ.

ಮೂರನೇ ವರ್ಷ ಎಲ್‌ಎಲ್‌ಬಿ

ಇದನ್ನು ನಮ್ಮ ಸಂಘದ ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಈ ಭಾನುವಾರವೇ ಇದೆ.

ತೆಂಗಿನತೋಟ

ಇನ್ನೊಂದು ಕೇಳುವುದಿತ್ತು. ಮುಂದಿನ ವಾಯಿದೆಗೆ 1974ರ ಕೈಬರಹದ ಪಹಣಿಯ ದೃಢೀಕೃತ ನಕಲು ಬೇಕಂತೆ. ಎಲ್ಲಿ ಸಿಗುತ್ತದೆ?

ನಿವೃತ್ತ ಬೆಂಚ್ ಕ್ಲರ್ಕ್

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಸರ್ವೆ ನಂಬರ್, ಊರು, ಹೋಬಳಿ, ವರ್ಷ ಬರೆದು ಅರ್ಜಿ ಕೊಡು. 1974 ಒಂದೇ ಬೇಡ, ಹಿಂದೆ ಮುಂದೆ ಎರಡೆರಡು ವರ್ಷದ್ದೂ ಸೇರಿಸಿ ಕೇಳು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗು.